ಪಟ್ಟಿಯಲ್ಲಿಲ್ಲದವಳ ಬೀಗ

ನಮ್ಮ ಕಡೆಯ ಕಾಫಿ ಎಸ್ಟೇಟುಗಳಲ್ಲಿ ಆಳುಗಳಿರುವ ಸಾಲುಮನೆಗಳಿಗೆ, ಅಂದರೆ ಲೈನ್ ಮನೆಗಳಿಗೆ, ಒಂದು ಕಾನೂನಿದೆ. ಯಾರೂ ಬರೆದಿಟ್ಟಿದ್ದಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ. ಮನೆ ಎಸ್ಟೇಟಿನದು, ಬೀಗ ಆಳಿನದು. ಊರಿಗೆ ಹೋಗುವ ಆಳು ತನ್ನ ಬೀಗ ಹಾಕಿಕೊಂಡು ಹೋದರೆ ಆ ಮನೆ ಅವನದೇ, ಅವನು ವಾಪಸು ಬರುತ್ತಾನೆ ಎಂದು ಅರ್ಥ. ಒಳಗೆ ಒಂದು ಸೊಟ್ಟ ಪಾತ್ರೆ ಮಾತ್ರ ಇದ್ದರೂ ಆ ಬಾಗಿಲನ್ನು ಯಾರೂ ಮುಟ್ಟುವುದಿಲ್ಲ. ಎಸ್ಟೇಟಿನ ಲೆಕ್ಕ ನೋಡುವ ರೈಟರು ಬಂದು ಎಸ್ಟೇಟಿನ ಬೀಗ ಜಡಿದರೆ ಮಾತ್ರ ಅಲ್ಲಿಗೆ ಋಣ ಮುಗಿದ ಹಾಗೆ. ಕೀಲಿಕೈಯನ್ನು ಊರಿಗೆ ಒಯ್ಯಬಾರದು, ಹತ್ತಿರದವರ ಕೈಗೆ ಕೊಟ್ಟು ಹೋಗಬೇಕು. ಕೀಲಿ ಕೊಟ್ಟು ಹೋದವರು ಬರುತ್ತಾರೆ, ಒಯ್ದವರು ಬರುವುದಿಲ್ಲ ಎಂದು ಲೈನಿನ ಹೆಂಗಸರು ಹೇಳುತ್ತಾರೆ.

ಅವಳು ಕೀಲಿಯನ್ನು ನನ್ನ ಕೈಗೆ ಕೊಟ್ಟು ಹೋದಳು. ಅದಕ್ಕೇ ನಾನು ಅಷ್ಟು ಧೈರ್ಯವಾಗಿದ್ದೆ.

ನಾನು ಅಂಗನವಾಡಿ ಟೀಚರ್. ಗೋಣಿಬೀಡಿನಿಂದ ಒಳಗೆ, ಒಂದು ಎಸ್ಟೇಟಿನ ಲೈನಿಗೆ ತಾಗಿಕೊಂಡು ನಮ್ಮ ಅಂಗನವಾಡಿ ಇದೆ. ಅದರ ಹಿಂದಿನ ಕೋಣೆಯಲ್ಲಿ ನನ್ನ ವಾಸ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರಿಗೆ ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದೆ. ಈಗ ಕೇಳುವವರೂ ಇಲ್ಲ. ಮಕ್ಕಳಿಗೆ ಹಾಡು ಹೇಳಿಕೊಡುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ನನ್ನ ಹೆಗಲಿಗೆ ಹೊರಿಸಿದ್ದಾರೆ. ನಾನು ಬಿಎಲ್‌ಒ. ಅಂದರೆ ನಮ್ಮ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವವಳು. ಯಾರು ಸತ್ತರು, ಯಾರು ಮದುವೆಯಾಗಿ ಹೋದರು, ಯಾರಿಗೆ ಹದಿನೆಂಟು ತುಂಬಿತು ಎಂದು ಮನೆ ಮನೆ ಸುತ್ತಿ ನೋಡಬೇಕು. ಯಾರದಾದರೂ ಮನೆಯಲ್ಲಿ ಸಾವಾದರೆ ಅಳುವುದಕ್ಕೂ ಮೊದಲು ನನಗೆ ಪಟ್ಟಿ ನೆನಪಾಗುತ್ತದೆ. ಎಂಥ ಬಾಳು ನೋಡಿ.

ಆ ಪಟ್ಟಿಯ ಕಥೆ ಹೇಳಿದರೆ ನಗು ಬರುತ್ತದೆ. ಅದರಲ್ಲಿ ಇರುವವರಲ್ಲಿ ಬಹಳ ಜನ ಈಗ ಇಲ್ಲಿಲ್ಲ. ತಲೆಮಾರುಗಳಿಂದ ಲೈನಿನಲ್ಲಿದ್ದವರು ಮೂಡಿಗೆರೆಯಲ್ಲಿ ಸಣ್ಣ ಮನೆ ಕಟ್ಟಿಕೊಂಡು ಹೋದರು. ಅವರ ಮಕ್ಕಳು ಗಾರೆ ಕೆಲಸ, ಡ್ರೈವರ್ ಕೆಲಸ, ಹೋಮ್‌ಸ್ಟೇ ಅಡುಗೆ ಎಂದು ಹಂಚಿಹೋದರು. ವೋಟಿನ ದಿನ ಮಾತ್ರ ಜೀಪು ಮಾಡಿಕೊಂಡು ಬಂದು, ಬೆರಳಿಗೆ ಶಾಯಿ ಹಾಕಿಸಿಕೊಂಡು, ನನ್ನನ್ನು ಮಾತಾಡಿಸಿ ಹೋಗುತ್ತಾರೆ. ಅವರು ಬಿಟ್ಟುಹೋದ ಮನೆಗಳಲ್ಲಿ ಈಗ ಅಸ್ಸಾಮಿನವರು, ಜಾರ್ಖಂಡಿನವರು, ಬಿಹಾರದವರು ಇದ್ದಾರೆ. ಕಾಫಿ ಹಣ್ಣು ಕುಯ್ಯುವವರು, ನೆರಳಿನ ಮರಗಳ ಕೊಂಬೆ ಕಡಿದು ಮರಗಸಿ ಮಾಡುವವರು, ಗೊಬ್ಬರ ಹಾಕುವವರು ಎಲ್ಲರೂ ಅವರೇ. ವೋಟಿನ ದಿನ ಅವರು ಲೈನಿನ ಕಟ್ಟೆಯ ಮೇಲೆ ಕೂತು ನಮ್ಮವರು ಸಾಲು ನಿಲ್ಲುವುದನ್ನು ನೋಡುತ್ತಾರೆ. ಇರುವವರಿಗೆ ಹೆಸರಿಲ್ಲ, ಹೆಸರಿದ್ದವರು ಇಲ್ಲ.

ಅವಳು ಆ ಅಸ್ಸಾಮಿನವರಲ್ಲಿ ಒಬ್ಬಳು. ಗಂಡನ ಜೊತೆ ಬಂದವಳು. ಅವನು ಒಂದು ಮಳೆಗಾಲದಲ್ಲಿ ಕೇರಳದ ಕಡೆ ಕೆಲಸ ಹುಡುಕಿಕೊಂಡು ಹೋದವನು ಮತ್ತೆ ಬರಲಿಲ್ಲ. ಮಕ್ಕಳಿರಲಿಲ್ಲ. ಬೇಸಿಗೆಯಲ್ಲಿ ಲೈನಿನ ನಲ್ಲಿ ಒಣಗಿದಾಗ ಅಂಗನವಾಡಿಯ ನಲ್ಲಿಗೆ ಕೊಡ ಹಿಡಿದುಕೊಂಡು ಬಂದಳು. ಕೊಡ ತುಂಬುವವರೆಗೆ ಕಿಟಕಿಯ ಹತ್ತಿರ ನಿಂತು ಮಕ್ಕಳ ಹಾಡು ಕೇಳುತ್ತಿದ್ದಳು. ಹಾಗೆ ಕೇಳಿ ಕೇಳಿಯೇ ಅವಳಿಗೆ ಕನ್ನಡ ಬಂತು. ಅದಕ್ಕೇ ಅವಳಿಗೆ ಮೊದಲು ತರಕಾರಿ, ಪ್ರಾಣಿಗಳ ಹೆಸರು ಗೊತ್ತಾಗಿ, ಬೈಗುಳ ಆಮೇಲೆ ಗೊತ್ತಾಯಿತು. ಲೈನಿಗೆ ಬಂದ ಉಳಿದವರಿಗೆಲ್ಲ ಮೇಸ್ತ್ರಿಯ ಪಾಠದಿಂದ ಅದು ತಿರುಗುಮುರುಗು.

ಸಂಜೆ ಹಣ್ಣು ತೂಗಿಸಿ, ಕೈಕಾಲು ತೊಳೆದು ನನ್ನ ಜಗಲಿಗೆ ಬರುತ್ತಿದ್ದಳು. ನಾನು ಬೆಲ್ಲದ ಕಾಫಿ ಮಾಡಿರುತ್ತಿದ್ದೆ. ಮಳೆಗಾಲ ಶುರುವಾದರೆ ಇಬ್ಬರೂ ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಹುಡುಕಲು ಬಿದಿರು ಮೆಳೆಗೆ ಹೋಗುತ್ತಿದ್ದೆವು. ಅವಳ ಊರಲ್ಲೂ ಕಳಲೆ ತಿನ್ನುತ್ತಾರಂತೆ. ನಾವು ದಿನಾ ನೀರು ಬದಲಾಯಿಸಿ ಕಹಿ ತೆಗೆಯುತ್ತೇವೆ, ಅವರು ಹುಳಿ ಬರಿಸಿ ಇಡುತ್ತಾರೆ. ಅವಳು ಡಬ್ಬಿಯಲ್ಲಿ ಹುಳಿ ಬರಿಸಿದ್ದನ್ನು ತಂದಾಗ ನಾನು ಮೂಗು ಮುಚ್ಚಿಕೊಂಡು, "ಥೂ, ಇದನ್ನ ಎಂತ ತಿಂತೀಯ ಮಾರಾಯ್ತಿ" ಎಂದು ಬೈದಿದ್ದೆ. ಮುಂದಿನ ವರ್ಷ ನಾನೇ ಕೇಳಿ ಹಾಕಿಸಿಕೊಂಡು ಉಂಡೆ. ಉಪವಾಸದ ತಿಂಗಳಲ್ಲಿ ಅವಳು ಹೊತ್ತು ಮುಳುಗುವವರೆಗೆ ನೀರೂ ಮುಟ್ಟುತ್ತಿರಲಿಲ್ಲ. ಆ ತಿಂಗಳು ನಾನೂ ಸಂಜೆಯ ಕಾಫಿಯನ್ನು ಹೊತ್ತು ಮುಳುಗಿದ ಮೇಲೆಯೇ ಕುಡಿಯುತ್ತಿದ್ದೆ. ಒಬ್ಬಳೇ ಕುಡಿಯುವುದು ರೂಢಿ ತಪ್ಪಿಹೋಗಿತ್ತು.

ಅವಳ ಊರು ದೊಡ್ಡ ಹೊಳೆಯ ನಡುವಿನ ಮರಳ ದಿಬ್ಬ. ಪ್ರತಿ ಮಳೆಗೂ ಹೊಳೆ ಒಂದಿಷ್ಟು ನೆಲ ತಿಂದುಕೊಂಡು ಹೋಗುತ್ತದಂತೆ. ಅವಳು ಹುಟ್ಟಿದ ಮನೆಯ ಜಾಗದಲ್ಲಿ ಈಗ ದೋಣಿ ಓಡಾಡುತ್ತದೆ. ಅಪ್ಪನ ಗದ್ದೆ ಹೊಳೆಯಲ್ಲಿದೆ, ಅಪ್ಪನ ಗೋರಿಯೂ ಹೊಳೆಯಲ್ಲಿದೆ. ಅಣ್ಣನ ಗುಡಿಸಲು ಇನ್ನೊಂದು ದಿಬ್ಬದ ಮೇಲಿದೆ. ಇದನ್ನೆಲ್ಲ ಅವಳು ಹೇಳುವಾಗ ನಾನು ಹೂಂಗುಟ್ಟುತ್ತಿದ್ದೆ, ಅಷ್ಟೇ. ನಮ್ಮ ಗುಡ್ಡಗಳ ನಡುವೆ ಕೂತು ಅಂಥ ಹೊಳೆಯನ್ನು ಹೇಗೆ ಊಹಿಸಿಕೊಳ್ಳುವುದು?

ಹಿಂದಿನ ಲೋಕಸಭಾ ಚುನಾವಣೆಯ ಹೊತ್ತಿಗೆ ನಮ್ಮ ಬೂತಿಗೆ ಕೇಂದ್ರದ ಪಡೆ ಬಂತು. ಕಳಸ, ಕುದುರೆಮುಖದ ಕಾಡುಗಳಲ್ಲಿ ಬಂದೂಕು ಹಿಡಿದ ನಕ್ಸಲರು ಓಡಾಡುತ್ತಿದ್ದ ಕಾಲದ ಭಯ ಕಾಗದಗಳಿಂದ ಇನ್ನೂ ಹೋಗಿಲ್ಲ. ಹಾಗಾಗಿ ಇಲ್ಲಿ ಕೆಲವು ಬೂತುಗಳಿಗೆ ಸೂಕ್ಷ್ಮ ಎಂಬ ಬಿರುದು. ಬೂತು ಎಂದರೆ ಅಂಗನವಾಡಿಯ ಪಕ್ಕದ ಶಾಲೆ. ಪಡೆಯ ಜವಾನರು ಬಾಗಿಲ ಹತ್ತಿರ ನಿಂತರೆ ನಮ್ಮ ರಾಜ್ಯದ ಪೊಲೀಸಿನವರು ಗೇಟಿನ ಹತ್ತಿರ ನಿಂತರು. ಯಾರು ಎಲ್ಲಿ ನಿಲ್ಲಬೇಕು ಎಂಬುದಕ್ಕೇ ಇಬ್ಬರಿಗೂ ಮುಖ ಊದಿಕೊಂಡಿತ್ತು. ಎರಡೂ ಕಡೆಗೆ ಕಾಫಿ ಒಯ್ದು ಕೊಡುವವಳು ನಾನು.

ಮತದಾನದ ಹಿಂದಿನ ಸಂಜೆ ಅವಳು ಎಂದಿನಂತೆ ನಲ್ಲಿಗೆ ಬಂದಳು. ಇಲ್ಲಿ ನಿನಗೆಂತ ಕೆಲಸ, ಆಚೆ ಹೋಗು ಎಂದು ಪೊಲೀಸಪ್ಪ ಗದರಿಸಿದ. ಅವಳು ಗಾಬರಿಯಲ್ಲಿ ತನ್ನ ಭಾಷೆಯಲ್ಲಿ ಏನೋ ಅಂದಳು. ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಜವಾನ ತಟ್ಟನೆ ಎದ್ದು ಬಂದ. ಅವನೂ ಅವಳ ಜಿಲ್ಲೆಯವನಂತೆ, ಅದೇ ಹೊಳೆಯ ದಡದವನಂತೆ. ಬೇಲಿಯ ಆಚೆ ಈಚೆ ನಿಂತು ಇಬ್ಬರೂ ಮಾತಾಡಿದರು. ಅವಳು ಬಾಯಿ ತುಂಬ ನಕ್ಕಳು. ಒಂದೇ ಉಸಿರಿಗೆ ಉದ್ದುದ್ದ ಮಾತಾಡಿದಳು, ಕೈ ತಿರುಗಿಸಿದಳು, ಯಾರನ್ನೋ ಅಣಕಿಸಿದಳು. ನನ್ನ ಜಗಲಿಯಲ್ಲಿ ಅವಳು ಒಂದೊಂದೇ ಪದ ಹುಡುಕಿ ಜೋಡಿಸುವವಳು. ಇಷ್ಟು ವರ್ಷ ನಾನು ಕಂಡಿದ್ದು ಅರ್ಧ ಹೆಂಗಸನ್ನು ಮಾತ್ರ ಎಂದು ಆವತ್ತು ಗೊತ್ತಾಯಿತು. ಅವಳ ಖುಷಿ ನೋಡಿ ಖುಷಿಯಾಗಬೇಕಿತ್ತು, ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಆ ಜವಾನ ಹೋದ ಮೇಲೆ ಅವಳು ಒಂದು ಪ್ರಶ್ನೆ ಕೇಳಿದಳು. ಅವನು ಊರು ಬಿಟ್ಟು ಬಹಳ ವರ್ಷವಾಗಿದೆ, ದೇಶವೆಲ್ಲ ಸುತ್ತುತ್ತಾನೆ, ಆದರೂ ಅವನ ಹೆಸರು ಊರಿನ ಪಟ್ಟಿಯಲ್ಲೇ ಇದೆ, ಅಂಚೆಯಲ್ಲಿ ವೋಟು ಹಾಕುತ್ತಾನಂತೆ, ಹೌದಾ ಎಂದಳು. ಹೌದು, ಪಡೆಯವರಿಗೆ ಹಾಗೆ ಸವಲತ್ತು ಇದೆ ಎಂದೆ. "ನಾನೂ ಕೆಲಸಕ್ಕೇ ಬಂದಿದೀನಿ ಅಲ್ವಾ ಟೀಚರಕ್ಕ?" ಎಂದಳು. ನಾನು ಅವಳ ಕೈಯ ಕೊಡ ತೆಗೆದುಕೊಂಡು ನಲ್ಲಿಯ ಕೆಳಗಿಟ್ಟೆ.

ಆಮೇಲೆ ಪಟ್ಟಿಗಳನ್ನೆಲ್ಲ ಬುಡದಿಂದ ಪರಿಷ್ಕರಿಸುವ ಮಾತು ಬಂತು. ಮೂಡಿಗೆರೆಗೆ ನಮ್ಮನ್ನೆಲ್ಲ ತರಬೇತಿಗೆ ಕರೆದರು. ಟಿವಿ ಹಾಕಿದರೆ ಅದೇ ಜಗಳ. ಪಟ್ಟಿ ಶುದ್ಧವಾಗಬೇಕು, ಹೊರಗಿನವರು ನುಸುಳಿದ್ದಾರೆ ಎಂದು ದೆಹಲಿಯ ಕಡೆಯವರು. ಶುದ್ಧ ಮಾಡುವ ನೆಪದಲ್ಲಿ ಬಡವರ ಹೆಸರು ಕಿತ್ತುಹಾಕುತ್ತಾರೆ ಎಂದು ಬೆಂಗಳೂರಿನ ಕಡೆಯವರು. ಒಬ್ಬರು ಮತಯಂತ್ರ ಎಂದರೆ ಇನ್ನೊಬ್ಬರು ಮತಪತ್ರ ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ. ನನ್ನ ಗೌರವಧನದಲ್ಲಿ ಒಂದು ಪಾಲು ಅವರದು, ಒಂದು ಪಾಲು ಇವರದು. ಅದು ತಡವಾಗಿ ಬರುವುದರಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ನಾವು ಯಾರ ಮಾತು ಕೇಳಬೇಕು ಸಾರ್ ಎಂದು ಒಬ್ಬ ಟೀಚರ್ ಎದ್ದು ಕೇಳಿದಳು. ಫಾರಂ ನಿಮ್ಮ ಕೈಯಲ್ಲಿದೆಯಲ್ಲ, ಅದನ್ನ ಸರಿಯಾಗಿ ತುಂಬಿಸಿ ಎಂದರು ತರಬೇತಿ ಕೊಡುವವರು.

ಊರಿಗೆ ಬಂದರೆ ನನ್ನ ಜಗಲಿಯಲ್ಲೂ ಅದೇ ಜಗಳ. ಒಂದು ಪಕ್ಷದ ಏಜೆಂಟು ಬಂದು, ಲೈನಿನವರನ್ನು ಸೇರಿಸಬೇಡಿ ಟೀಚರೇ, ಅವರೆಲ್ಲ ಬಾಂಗ್ಲಾದವರು, ನಾಳೆ ನಮ್ಮ ಊರನ್ನೇ ನುಂಗುತ್ತಾರೆ ಎಂದ. ಇನ್ನೊಂದು ಪಕ್ಷದವನು ಬಂದು, ಸೇರಿಸಿ ಟೀಚರೇ, ಅವರು ನಮಗೇ ಹಾಕುತ್ತಾರೆ ಎಂದ. ಲೈನಿನವರು ಏನು ಅನ್ನುತ್ತಾರೆ ಎಂದು ಇಬ್ಬರಲ್ಲಿ ಒಬ್ಬನೂ ಕೇಳಲಿಲ್ಲ. ಇಬ್ಬರ ತೋಟದಲ್ಲೂ ಹಣ್ಣು ಕುಯ್ಯುವುದು ಮಾತ್ರ ಅವರೇ. ಹಣ್ಣು ಕುಯ್ಯುವಾಗ ಅವರು ಎಲ್ಲಿಯವರು ಎಂದು ಕೇಳಲಿಲ್ವಲ್ಲ ನೀವು ಎಂದು ಮೊದಲಿನವನಿಗೆ ಅಂದೆ. ಅವನಿಗೆ ಸಿಟ್ಟು ಬಂತು, ಕಾಫಿ ಕುಡಿಯದೆ ಹೋದ. ಹೋಗಲಿ, ಬೆಲ್ಲ ಉಳಿಯಿತು.

ಅದೇ ಹೊತ್ತಿಗೆ ಹೊರಗಿನ ಆಳುಗಳ ಗುರುತಿನ ಕಾಗದ ತಂದುಕೊಡಿ ಎಂದು ಠಾಣೆಯಿಂದ ಎಸ್ಟೇಟುಗಳಿಗೆ ಹೇಳಿ ಕಳಿಸಿದರು. ರೈಟರು ಲೈನಿನವರನ್ನೆಲ್ಲ ಕಣದಲ್ಲಿ ನಿಲ್ಲಿಸಿ ಫೋಟೋ ತೆಗೆದರು. ಅವಳು ಸೆರಗು ಸರಿಮಾಡಿಕೊಂಡು ನಿಂತಿದ್ದನ್ನು ನಾನು ಅಂಗನವಾಡಿಯ ಕಿಟಕಿಯಿಂದ ನೋಡಿದೆ. ನನಗೆ ಮೈಯೆಲ್ಲ ಉರಿಯಿತು. ಇವಳ ಹೆಸರು ನನ್ನ ಪಟ್ಟಿಯಲ್ಲಿ ಬಂದುಬಿಟ್ಟರೆ ಯಾವನು ಏನು ಕೇಳುತ್ತಾನೆ ಎಂದು ಹಠ ಹುಟ್ಟಿತು. ಕಾನೂನೂ ನನ್ನ ಕಡೆಗೇ ಇತ್ತು. ಎಲ್ಲಿ ವಾಸವೋ ಅಲ್ಲಿ ವೋಟು. ಅವಳು ಇಲ್ಲಿ ವಾಸವಾಗಿ ವರ್ಷಗಳೇ ಆಗಿದ್ದವು. ಅಷ್ಟೇ ಅಲ್ಲ, ನಿಜ ಹೇಳಬೇಕೆಂದರೆ, ಹೆಸರು ಇಲ್ಲಿಗೆ ಬಂದರೆ ಅವಳು ಇಲ್ಲೇ ಉಳಿಯುತ್ತಾಳೆ ಎಂಬ ಆಸೆ. ನನಗೆ ವಯಸ್ಸಾಗುತ್ತಿತ್ತು. ಸಂಜೆಗೆ ಒಬ್ಬರು ಬೇಕಿತ್ತು.

ವಿಳಾಸ ಬದಲಾವಣೆಯ ಅರ್ಜಿಯನ್ನು ನಾನೇ ತುಂಬಿದೆ. ಅವಳು ಮಕ್ಕಳ ಸ್ಲೇಟಿನಲ್ಲಿ ಕಲಿತ ಕನ್ನಡ ಅಕ್ಷರದಲ್ಲಿ ಸಹಿ ಹಾಕಿದಳು, ನಾಲಿಗೆ ಹೊರಗೆ ಹಾಕಿಕೊಂಡು, ನಿಧಾನಕ್ಕೆ. ಇಬ್ಬರೂ ನಕ್ಕೆವು. ಮುಂದಿನ ಸಲ ಸಾಲಿನಲ್ಲಿ ಮೊದಲು ನೀನೇ ನಿಲ್ಲಬೇಕು, ಆ ಏಜೆಂಟಿನವನ ಎದುರಿಗೇ ಎಂದೆ.

ಮಾರನೆಯ ಸಂಜೆ ಅವಳು ಬಂದಾಗ ಮುಖ ಬಾಡಿತ್ತು. ಕಾಫಿ ಕೊಟ್ಟರೆ ಲೋಟ ಮುಟ್ಟಲಿಲ್ಲ. ಕಾಗದ ವಾಪಸ್ ಕೊಡು ಅಕ್ಕ ಎಂದಳು. ಊರಿನ ಅಣ್ಣನಿಗೆ ಫೋನಿನಲ್ಲಿ ವಿಷಯ ಹೇಳಿದ್ದಳು. ಇಲ್ಲಿ ಹೆಸರು ಬಂದರೆ ಅಲ್ಲಿಯದು ಹೋಗುತ್ತದೆ ಎಂದು ಅವನು ಹೆದರಿಸಿದ್ದ. ಹೆದರಿಸಿದ್ದಲ್ಲ, ನಿಯಮವೇ ಹಾಗೆ. ಒಬ್ಬರಿಗೆ ಒಂದೇ ಕಡೆ ಹೆಸರು. ಅದನ್ನು ನಾನು ಅವಳಿಗೆ ಬಿಡಿಸಿ ಹೇಳಿರಲಿಲ್ಲ. ಹೇಳುವಂಥ ದೊಡ್ಡ ವಿಷಯ ಎಂದು ನನಗೆ ಅನ್ನಿಸಿರಲಿಲ್ಲ. ಮೂಡಿಗೆರೆಗೆ ಹೋದವರು ಹೆಸರು ಅಲ್ಲಿಗೆ ತೆಗೆದುಕೊಂಡು ಹೋಗುವುದಿಲ್ಲವೇ, ಇದೂ ಹಾಗೇ ಎಂದುಕೊಂಡಿದ್ದೆ.

ಅಲ್ಲಿ ನಿನ್ನ ನೆಲವೇ ಇಲ್ಲ, ಹೊಳೆ ತಿಂದಿದೆ, ಇನ್ನು ಆ ಹೆಸರು ಇಟ್ಟುಕೊಂಡು ಎಂತ ಮಾಡ್ತೀಯ ಎಂದು ರೇಗಿದೆ. ಅವಳು ತನ್ನ ಜೋಡಿಸಿದ ಕನ್ನಡದಲ್ಲಿ ಹೇಳಿದಳು.

"ಅಕ್ಕ, ಮನೆ ಹೊಳೆಗೆ ಹೋಯ್ತು. ಗದ್ದೆ ಹೋಯ್ತು. ನನ್ನ ಹೆಸರು ಪಟ್ಟಿಲಿ ಇದೆ. ಅದರ ಕೆಳಗೆ ಇಂಥವರ ಮಗಳು ಅಂತ ಅಪ್ಪನ ಹೆಸರು ಇದೆ. ಹೊಳೆ ತಿನ್ನದೇ ಇರೋದು ಅದೊಂದೇ. ಅದನ್ನ ನಾನೇ ತೆಗೆದು ನಿನ್ನ ಕೈಗೆ ಕೊಟ್ರೆ, ನಾಳೆ ಇಲ್ಲಿ ಯಾರಾದ್ರೂ ನೀನು ಎಲ್ಲಿಯವಳು ಅಂದ್ರೆ ಏನು ಹೇಳ್ಲಿ?"

ನಾನಿದ್ದೀನಲ್ಲ ಎಂದೆ. ಅವಳು ನನ್ನನ್ನು ನೋಡಿದ ರೀತಿ ಇವತ್ತಿಗೂ ಮರೆತಿಲ್ಲ. ಮಕ್ಕಳು ಏನಾದರೂ ದೊಡ್ಡ ಮಾತಾಡಿದಾಗ ನಾನು ಹಾಗೇ ನೋಡುತ್ತೇನೆ. ಎದ್ದು ಒಳಗೆ ಹೋಗಿ ಅರ್ಜಿ ತಂದು ಕೊಟ್ಟೆ. ಅವಳು ಅದನ್ನು ಹರಿಯಲಿಲ್ಲ, ಒಲೆಗೆ ಹಾಕಿ ಸುಟ್ಟಳು. ತನ್ನ ಸಹಿ ಹರಿಯಲು ಮನಸ್ಸಾಗಲಿಲ್ಲ ಎಂದಳು.

ಅಲ್ಲಿಯೂ ಪಟ್ಟಿ ಪರಿಶೀಲನೆಗೆ ಸಾಹೇಬರು ಮನೆ ಮನೆಗೆ ಬರುತ್ತಾರೆ, ಬಂದಾಗ ಎದುರಿಗೆ ಇರಬೇಕು ಎಂದು ಅಣ್ಣ ಹೇಳಿದ್ದ. ಮರಗಸಿ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಅವಳು ಹೊರಟಳು. ಗೋಣಿಬೀಡಿನ ತನಕ ನಾನೂ ಹೋದೆ. ಬಸ್ಸು ಕಾಣುವವರೆಗೆ ಹುಳಿ ಕಳಲೆಯ ಡಬ್ಬಿ ಎಲ್ಲಿಟ್ಟಿದ್ದೇನೆ, ಯಾವಾಗ ಮುಚ್ಚಳ ತೆಗೆಯಬೇಕು ಎಂದು ಅದನ್ನೇ ಹೇಳುತ್ತಿದ್ದಳು. ಬಸ್ಸು ಹತ್ತುವಾಗ ಕೀಲಿಕೈ ನನ್ನ ಕೈಯಲ್ಲಿಟ್ಟು, "ಕುಯ್ಲಿಗೆ ಬರ್ತೀನಿ" ಎಂದಳು.

ಆ ಮಳೆಗಾಲದಷ್ಟು ಉದ್ದದ ಮಳೆಗಾಲವನ್ನು ನಾನು ಕಂಡಿಲ್ಲ. ಕರೆಂಟು ಹೋದರೆ ದಿನಗಟ್ಟಲೆ ಬರುತ್ತಿರಲಿಲ್ಲ. ಮಕ್ಕಳೂ ಸರಿಯಾಗಿ ಬರುತ್ತಿರಲಿಲ್ಲ. ಅವಳ ಊರಿಗೆ ಫೋನು ಹಚ್ಚಿದರೆ ಅವರ ಭಾಷೆಯಲ್ಲಿ ಒಂದು ಹೆಂಗಸಿನ ದನಿ ಏನೋ ಹೇಳುತ್ತಿತ್ತು. ಸಿಗುತ್ತಿಲ್ಲ ಎಂದು ಹೇಳುತ್ತಿರಬೇಕು. ಅರ್ಥವಾಗದಿದ್ದರೂ ಕೊನೆಯವರೆಗೆ ಕೇಳುತ್ತಿದ್ದೆ. ಮಳೆ ಬಿಟ್ಟ ದಿನ ಹೋಗಿ ಅವಳ ಮನೆ ಬಾಗಿಲು ತೆಗೆದು, ಬೂಷ್ಟು ಒರೆಸಿ, ಒಲೆಯಲ್ಲಿ ಸ್ವಲ್ಪ ಹೊಗೆ ಹಾಕಿ, ಮತ್ತೆ ಬೀಗ ಹಾಕಿ ಬರುತ್ತಿದ್ದೆ. ನೀವು ಎಂತಕ್ಕೆ ಇಷ್ಟು ಹಚ್ಚಿಕೊಂಡಿರಿ ಟೀಚರೇ ಎಂದು ಲೈನಿನ ಒಬ್ಬಳು ಕೇಳಿದಳು. ಬೂಷ್ಟು ಹಿಡಿದರೆ ಪಕ್ಕದ ಮನೆಗೂ ಹರಡುತ್ತೆ ಎಂದೆ.

ಹಣ್ಣು ಕೆಂಪಾಯಿತು. ಹೊಸ ತಂಡಗಳು ಜೀಪಿನಲ್ಲಿ ಬಂದು ಇಳಿದವು. ರೈಟರು ಒಳ್ಳೆಯವರು, ಆದರೆ ಅವರಿಗೆ ಮನೆ ಬೇಕು. ಒಂದು ಸಲ ಬಂದು ಕೇಳಿದರು. ಬರುತ್ತಾಳೆ, ಕೀಲಿ ನನ್ನ ಹತ್ತಿರ ಇದೆ ಎಂದೆ. ಇನ್ನೊಂದು ಸಲ ಬಂದರು. ರೈಲು ತಡವಾಗಿರಬೇಕು ಎಂದೆ. ಯಾವ ರೈಲು ಅಷ್ಟು ತಡವಾಗುತ್ತದೆ ಎಂದು ಅವರು ಕೇಳಲಿಲ್ಲ. ಮೂರನೆಯ ಸಲ ಎಸ್ಟೇಟಿನ ಬೀಗವನ್ನು ಜೇಬಿನಲ್ಲಿಟ್ಟುಕೊಂಡೇ ಬಂದರು. ಜೇಬು ಉಬ್ಬಿದ್ದು ಕಾಣುತ್ತಿತ್ತು. ಭಾನುವಾರದ ತನಕ ಇರಲಿ ಎಂದು ಬೇಡಿಕೊಂಡೆ. ನಾನು ಯಾರನ್ನೂ ಬೇಡುವವಳಲ್ಲ.

ಭಾನುವಾರ ಬೆಳಿಗ್ಗೆ ಫೋನು ಬಂತು. "ಟೀಚರಕ್ಕ, ಹೆಸರು ಉಳೀತು" ಎಂದಳು. ಸಾಹೇಬರು ಬಂದರಂತೆ, ಅಪ್ಪನ ಹೆಸರು ನೋಡಿದರಂತೆ, ಇವಳ ಮುಖ ನೋಡಿದರಂತೆ. ಹೊಸ ಪಟ್ಟಿಯಲ್ಲಿ ಹೆಸರು ಬಂದಿದೆಯಂತೆ. ನನಗೆ ಕಣ್ಣಲ್ಲಿ ನೀರು ಬಂತು. ಸರಿ, ಇನ್ನು ಹೊರಡು ಮಾರಾಯ್ತಿ, ಹಣ್ಣು ಉದುರುತ್ತಾ ಇದೆ, ರೈಟರು ಬೀಗ ಹಿಡಿದುಕೊಂಡು ಕೂತಿದ್ದಾರೆ ಎಂದೆ.

ಆ ಕಡೆ ಯಾವುದೋ ಕೋಳಿ ಕೂಗುವುದು ಕೇಳಿಸಿತು.

"ಸಾಹೇಬರು ಮತ್ತೆ ಬರ್ತಾರಂತೆ ಅಕ್ಕ" ಎಂದಳು. "ಯಾವಾಗ ಅಂತ ಹೇಳಲ್ಲ. ಅಣ್ಣ ಕೆಲಸಕ್ಕೆ ಹೋಗಿರ್ತಾನೆ, ಬಂದಾಗ ಬೀಗ ಇದ್ರೆ ನಾನು ಇಲ್ಲಿ ಇಲ್ಲ ಅಂತ ಬರ್ಕೊಂಡು ಹೋಗ್ತಾರಂತೆ. ಹೌದಾ?"

ನನ್ನನ್ನು ಬಿಟ್ಟು ಬೇರೆ ಯಾರನ್ನು ಕೇಳಿದ್ದರೂ ಅವರು ಸುಳ್ಳು ಹೇಳಬಹುದಿತ್ತು. ಹಾಗೆ ಬರೆದುಕೊಂಡು ಹೋಗುವುದೇ ನನ್ನ ಕೆಲಸ. ಬಾಗಿಲಿಗೆ ಬೀಗ ಕಂಡರೆ ಮತ್ತೆ ಹೋಗುತ್ತೇನೆ, ಮತ್ತೂ ಒಮ್ಮೆ ಹೋಗುತ್ತೇನೆ, ಆಮೇಲೆ ಈ ವಿಳಾಸದಲ್ಲಿ ಇಲ್ಲ ಎಂದು ಬರೆಯುತ್ತೇನೆ. ಎಷ್ಟು ಜನರಿಗೆ ಬರೆದಿದ್ದೇನೋ. ಇಲ್ಲ, ಹಾಗೇನೂ ಆಗಲ್ಲ, ಬಾ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂದು ಕುಯ್ಲಿಗೆ ಬಂದು ಹೋಗಲಿ, ಅಷ್ಟರಲ್ಲಿ ಯಾರು ಬರುತ್ತಾರೆ ಎಂದು ಮನಸ್ಸು ಹೇಳಿತು. ಅವಳು ಕಾಯುತ್ತಿದ್ದಳು.

"ಹೌದು" ಎಂದೆ. "ನೀನು ಅಲ್ಲೇ ಇರು."

ಅವಳು ಅತ್ತಳು. ಆಮೇಲೆ, "ನೀನೇ ಬೀಗ ತೆಗಿ ಅಕ್ಕ, ರೈಟರು ಒಡೆಯೋದು ಬೇಡ" ಎಂದಳು. ಡಬ್ಬಿಯ ಕಳಲೆ ಸರಿಯಾಗಿ ಹುಳಿ ಬಂತಾ ಎಂದು ಕೇಳಿದಳು. ಬಂದಿದೆ, ಖಾಲಿಯೂ ಆಯಿತು ಎಂದೆ. ಅದು ಸುಳ್ಳು. ಅವಳು ಬರಲಿ ಎಂದು ಮುಚ್ಚಳವನ್ನೇ ತೆಗೆದಿರಲಿಲ್ಲ.

ಬೀಗ ತೆಗೆದು, ಅವಳ ಎರಡು ಪಾತ್ರೆ, ಕೊಡ, ಕಂಬಳಿ ನನ್ನ ಕೋಣೆಗೆ ತಂದೆ. ರೈಟರು ಎಸ್ಟೇಟಿನ ಬೀಗ ಹಾಕಲಿಲ್ಲ. ಹೊಸಬರು ಹೊರಗೇ ನಿಂತಿದ್ದರು, ಅವರೇ ತಮ್ಮ ಬೀಗ ಹಾಕಿಕೊಂಡರು.

ಆ ವಾರ ಮೂಡಿಗೆರೆಯಿಂದ ಸೂಪರ್‌ವೈಸರ್ ಪಟ್ಟಿ ನೋಡಲು ಬಂದರು. ನನ್ನ ಭಾಗದ ಹಾಳೆ ತಿರುವಿ, ಎಲ್ಲ ಚೊಕ್ಕವಾಗಿದೆ ಟೀಚರ್ ಎಂದು ಹೊಗಳಿದರು. ಲೈನಿನಲ್ಲಿ ಈ ಸಲ ಯಾರಾದರೂ ಬಿಟ್ಟು ಹೋದವರು ಇದ್ದಾರಾ, ಇದ್ದರೆ ಗುರುತು ಹಾಕಬೇಕು ಎಂದು ಕೇಳಿದರು. ಪಟ್ಟಿಯಲ್ಲಿ ಎಂದೂ ಇರದವಳನ್ನು ಯಾವ ಸಾಲಿನಿಂದ ಹೊಡೆದುಹಾಕುವುದು?

ಯಾರೂ ಹೋಗಿಲ್ಲ ಸಾರ್ ಎಂದೆ. ಅವರು ಸಹಿ ಮಾಡಿ ಹೋದರು.